ಭಾರೀ ಅಂದರ ಎಷ್ಟು ಭಾರ?

ದೀಪಾವಳಿ ಬಂತೆಂದರೆ ಶಿಗ್ಗಾಂವ, ಹಾನಗಲ್ಲ, ಸವಣೂರ, ಹಿರೇಕೆರೂರ ಸೀಮೆಯ ಊರುಗಳಲ್ಲಿ ಹೋರಿ ಹಬ್ಬದ ಗದ್ದಲ ಶುರುವಾಗುತ್ತದೆ. ಕೊರಳ ತುಂಬ ಒಣಕೊಬ್ಬರಿಯ ಹಾರ, ಕೊಂಬಿಗೆ ಬಣ್ಣದ ಬಲೂನು, ಮೈಮೇಲೆ ಮಿಂಚುವ ಝೂಲ. ಅಷ್ಟನ್ನೂ ಹೊತ್ತ ಹೋರಿ ಅಖಾಡಕ್ಕೆ ನುಗ್ಗುತ್ತದೆ. ಕೊಬ್ಬರಿ ಹರಿಯಲು ಎರಡೂ ಕಡೆಯಿಂದ ನೂರು ಕೈ ಚಾಚುತ್ತವೆ. ಒಂದು ಹೋಳನ್ನೂ ಬಿಟ್ಟುಕೊಡದೆ ಅದು ಆ ತುದಿಗೆ ಮುಟ್ಟಿತೆಂದರೆ ಹುಡುಗರು ಸೀಟಿ ಹೊಡೆಯುತ್ತಾರೆ, ಮೈಕಿನಲ್ಲಿ ಅದರ ಹೆಸರು ಮೊಳಗುತ್ತದೆ. ಆದರೆ ನನ್ನ ಕಿವಿ ಇರುವುದು ಕಟ್ಟೆಯ ಮೇಲೆ ಕುಂತ ಮುದುಕರ ಕಡೆ. ಜೀವಮಾನವೆಲ್ಲ ಎತ್ತು ಕಟ್ಟಿದವರು ಅವರು. ಸಂಭ್ರಮ ತುಸು ಇಳಿಯಲಿ ಎಂದು ಕಾದು, ಸಣ್ಣ ದನಿಯಲ್ಲಿ ಒಂದೇ ಮಾತು ಹೇಳುತ್ತಾರೆ: "ಭಾರೀ ಐತಿ ಬಿಡಪಾ."

ಆ "ಭಾರೀ"ಯ ಮುಂದೆ ಉಳಿದ ಹೊಗಳಿಕೆಯೆಲ್ಲ ಸಪ್ಪೆ. ಯಾಕೆ ಎಂದು ಯೋಚಿಸುತ್ತ ಹೋದೆ. ಆ ಒಂದು ಪದ ನನ್ನನ್ನು ಬಹಳ ದೂರ ಕರೆದುಕೊಂಡು ಹೋಗಿ, ಕೊನೆಗೆ ನಮ್ಮ ಹೊಲದ ಬದುವಿನ ಮೇಲೆಯೇ ತಂದು ನಿಲ್ಲಿಸಿತು.

ನಮ್ಮ ಕಡೆ ಈ ಪದಕ್ಕೆ ಬಿಡುವೇ ಇಲ್ಲ. ರೊಟ್ಟಿಯ ಜೊತೆ ಬಡಿಸಿದ ಬದನಿಕಾಯಿ ಎಣಗಾಯಿ ಭಾರೀ. ಸವಣೂರ ಖಾರ ಭಾರೀ. ನಿನ್ನೆ ರಾತ್ರಿಯ ಬಯಲಾಟ ಭಾರೀ. "ಮಗಳ ಮದುವಿ ಭಾರೀ ಮಾಡಿದ್ರು," "ಆ ಹುಡುಗ ಭಾರೀ ಶಾಣ್ಯಾ." ಅದೇ ಮಾತಿನ ದನಿ ಒಂದಿಷ್ಟು ಎಳೆದರೆ ಚುಚ್ಚುಮಾತೂ ಹೌದು: "ಭಾರೀ ಶಾಣ್ಯಾ ಅದಿ ಬಿಡ." ಹೊಗಳಿಕೆ ಬಿಟ್ಟು ಬರಿಯ ಅಳತೆಗೆ ಇಳಿದರೂ ಅದೇ ಪದ. ಊರ ಮಗ್ಗುಲಿಗೆ ಹಾದುಹೋಗುವ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಓಡುವ ಲಾರಿ, ಟ್ರಕ್ಕುಗಳು ಭಾರಿ ವಾಹನ. ಪೇಪರಿನಲ್ಲಿ ಬರುವುದು ಭಾರಿ ಮಳೆ. ಅಲ್ಲಿ ಈ ಪದಕ್ಕೆ ಮಿಲಿಮೀಟರಿನ ಲೆಕ್ಕವೇ ಇದೆ. 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಸುರಿದರೆ ಹವಾಮಾನ ಇಲಾಖೆಯವರಿಗೆ ಅದು ಭಾರಿ ಮಳೆ. 204.4 ದಾಟಿತೆಂದರೆ ಅತ್ಯಂತ ಭಾರಿ. ಕಟ್ಟೆಯ ಮೇಲಿನ ಅಜ್ಜನ "ಭಾರೀ"ಗೆ ಅಂಥ ಮಾಪಕವಿಲ್ಲ. ಆದರೂ ಅವನ ಅಳತೆ ತಪ್ಪುವುದು ಅಪರೂಪ.

ಪದದ ಬೇರು ಹುಡುಕುವುದು ಕಷ್ಟವಲ್ಲ. ಸಂಸ್ಕೃತದ "ಭೃ" ಎಂಬ ಧಾತು. ಹೊರು, ತಾಳು, ಸಾಕು ಎಂದು ಅರ್ಥ. ಭಾರ ಅಲ್ಲಿಂದ ಬಂತು, ಭರಣ ಅಲ್ಲಿಂದ ಬಂತು, ಹೊರೆ ಹೊತ್ತವನು ಎಂಬ ಅರ್ಥದ ಭರ್ತಾ ಕೂಡ. ಹಿಂದಿಯಲ್ಲಿ ಭಾರೀ ಎಂದರೆ ತೂಕದ್ದು. ಮರಾಠಿಯವರು ನಮ್ಮಂತೆಯೇ ಅದನ್ನು ಮೆಚ್ಚುಗೆಗೆ ಎತ್ತಿಕೊಂಡರು. "ಲಯ್ ಭಾರೀ" ಎಂಬುದು ಅವರ ಬೀದಿಬೀದಿಯ ಮಾತು. 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದ ಈ ಸೀಮೆಗೆ ಮರಾಠಿ ನೆರೆಮನೆಯ ನುಡಿ. ಒಂದು ಮನೆಯ ಮಾತು ಇನ್ನೊಂದು ಮನೆಯ ಪಡಸಾಲೆಯಲ್ಲಿ ಕೇಳಿಸುವುದು ಸಹಜ.

ಮೆಚ್ಚುಗೆಯ ಮಾತುಗಳನ್ನು ನಾವು ಇನ್ನೂ ದೂರದಿಂದಲೂ ಕೂಡಿಸಿಕೊಂಡಿದ್ದೇವೆ. ಪಕ್ಕದ ಸವಣೂರು 1948ರವರೆಗೆ ನವಾಬರ ಸಂಸ್ಥಾನ. ಈ ಸೀಮೆಯಲ್ಲಿ ಆದಿಲಶಾಹಿಯ, ಪೇಶ್ವೆಯವರ ಆಳ್ವಿಕೆಯೂ ನಡೆದಿತ್ತು. ದರಬಾರು, ಕಚೇರಿ, ದಂಡು, ಸಂತೆ ಇವುಗಳ ಹಾದಿಯಲ್ಲಿ ಫಾರಸಿಯ ಮಾತುಗಳು ನಮ್ಮ ರೈತರ ಬಾಯಿಗೆ ಬಂದು ಕುಂತವು. ಶಾಬಾಸ್ ಎನ್ನುವುದು "ಶಾದ್ ಬಾಶ್", ಸಂತೋಷವಾಗಿರು ಎಂಬ ಹರಕೆ. ಬೆನ್ನು ತಟ್ಟುತ್ತ ನಾವು ಹರಸುತ್ತಿದ್ದೇವೆ ಎಂಬುದು ನಮಗೇ ತಿಳಿದಿರುವುದಿಲ್ಲ. ಮಸ್ತ್ ಎಂದರೆ ಅಮಲೇರಿದ್ದು. ಊಟ ಮಸ್ತ್ ಆಗಿತ್ತು ಎಂದರೆ ತಲೆಗೇರುವ ಹಾಗಿತ್ತು ಎಂದಂತೆ. ಜಬರ್ದಸ್ತ್ ಎಂದರೆ ಮೇಲುಗೈ: ಜಬರ್ ಎಂದರೆ ಮೇಲೆ, ದಸ್ತ್ ಎಂದರೆ ಕೈ.

ಇವತ್ತಿನ ಹುಡುಗರು ಜಬರ್ದಸ್ತ್ ಬಿಟ್ಟು ಸೂಪರ್ ಎನ್ನುತ್ತಾರೆ. ಹಳೆಯ ಮಾತು ಹೋಯಿತಲ್ಲ ಎಂದು ನನಗೆ ಬೇಸರವಿತ್ತು. ಆದರೆ ಲ್ಯಾಟಿನ್ನಿನ ಸೂಪರ್, ಫಾರಸಿಯ ಜಬರ್, ಸಂಸ್ಕೃತದ ಉಪರಿ, ಮೂರೂ ಒಂದೇ ಬಳ್ಳಿಯ ಕಾಯಿಗಳು. ಮೂರರ ಅರ್ಥವೂ "ಮೇಲೆ". ಅಜ್ಜ ಜಬರ್ ಎಂದ, ಮೊಮ್ಮಗ ಸೂಪರ್ ಎಂದ, ಇಬ್ಬರೂ ಕತ್ತೆತ್ತಿ ನೋಡಿದ್ದು ಒಂದೇ ದಿಕ್ಕಿಗೆ.

ಸೂಪರ್ ಆದ ಮೇಲೆ ಮನೆಯ ಮಕ್ಕಳ ಬಾಯಲ್ಲಿ ಈಗ "ಆಸಮ್" ಬಂದಿದೆ. ಅದರ ಮೊದಲರ್ಧವಾದ "ಆ" ಇಂಗ್ಲಿಷಿನ ಸ್ವಂತದ್ದಲ್ಲ. ಸಾವಿರ ವರ್ಷದ ಹಿಂದೆ ಹಡಗೇರಿ ಬಂದ ನಾರ್ಸ್ ಜನ ಇಂಗ್ಲೆಂಡಿನಲ್ಲಿ ಬಿಟ್ಟುಹೋದ "ಅಗಿ" ಎಂಬ ಮಾತು ಅದು. ಅಗಿ ಎಂದರೆ ಅಂಜಿಕೆ. ಅದೇ ಅಂಜಿಕೆಯಿಂದ ಇಂಗ್ಲಿಷಿನಲ್ಲಿ ಇಬ್ಬರು ಮಕ್ಕಳು ಹುಟ್ಟಿದರು. ಒಬ್ಬ ಆಸಮ್ ಆಗಿ ಹೊಗಳಿಕೆಗೆ ನಿಂತ, ಇನ್ನೊಬ್ಬ ಆಫುಲ್ ಆಗಿ ತೆಗಳಿಕೆಗೆ ನಿಂತ. ನಾರ್ಸ್ ಜನರ ನುಡಿಯನ್ನು ಇಂದಿಗೂ ಬಹುಮಟ್ಟಿಗೆ ಹಳೆಯ ರೂಪದಲ್ಲೇ ಆಡುವವರು ಐಸ್‌ಲ್ಯಾಂಡಿನವರು. ಅವರಲ್ಲಿ ಅದೇ ಪದಕ್ಕೆ ಈಗ ಶಿಸ್ತು ಎಂಬ ಅರ್ಥ. ಒಂದೇ ಅಂಜಿಕೆ ಒಂದು ದೇಶದಲ್ಲಿ ಉದ್ಗಾರವಾಯಿತು, ಇನ್ನೊಂದು ದೇಶದಲ್ಲಿ ನಡತೆಯಾಯಿತು. ನಾವೂ "ಭಯಂಕರ ಚಂದ ಐತಿ" ಎನ್ನುವವರೇ. ದೊಡ್ಡದರ ಮುಂದೆ ಮನುಷ್ಯನ ಮೊದಲ ನಡುಕ ಎಲ್ಲ ನುಡಿಗಳಲ್ಲೂ ಒಂದಿಷ್ಟು ಉಳಿದುಕೊಂಡಿದೆ.

ಐಸ್‌ಲ್ಯಾಂಡಿನ ಜನಸಂಖ್ಯೆ ನಾಲ್ಕು ಲಕ್ಷದ ಆಸುಪಾಸು. 2011ರ ಜನಗಣತಿಯಲ್ಲಿ ನಮ್ಮ ಹಾವೇರಿ ಜಿಲ್ಲೆಯದೇ ಸುಮಾರು 16 ಲಕ್ಷ. ಅದರ ಕಾಲುಭಾಗದಷ್ಟು ಜನ. ಅಷ್ಟೇ ಜನ ತಮ್ಮ ನುಡಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾರೆ. ಹೊಸ ವಸ್ತು ಬಂದರೆ ಹಳೆಯ ಬೇರಿನಿಂದಲೇ ಹೆಸರು ಚಿಗುರಿಸುತ್ತಾರೆ. ಎಳೆ, ದಾರ ಎಂಬ ಅರ್ಥದ ಹಳೆಯ ಮಾತೊಂದನ್ನು ಎಬ್ಬಿಸಿ ಟೆಲಿಫೋನಿಗೆ "ಸೀಮಿ" ಎಂದು ಹೆಸರಿಟ್ಟವರು ಅವರು. ಅವರ ಮೆಚ್ಚುಗೆಯ ಮಾತುಗಳಲ್ಲಿ ಒಂದು "ಐದಿ". ಮೂಲ ಅರ್ಥ ಹುಚ್ಚು, ಉನ್ಮಾದ. ನಮ್ಮ ಮಸ್ತ್‌ನ ಓಣಿಯದೇ ಪದ. ಇನ್ನೊಂದು "ಫ್ರೌಬೈರ್". ಬಹಳ ಒಳ್ಳೆಯದು, ಉಳಿದವನ್ನು ಮೀರಿದ್ದು ಎಂದು ಅರ್ಥ. ಇದನ್ನು ಬಿಡಿಸಿ ನೋಡಿದ ದಿನ ನಾನು ಕುಂತಲ್ಲಿಂದ ಎದ್ದು ನಿಂತೆ. "ಫ್ರೌ" ಎಂದರೆ ಆಚೆಗೆ. "ಬೈರ್" ಬಂದದ್ದು ಹೊರು ಎಂಬ ಅರ್ಥದ "ಬೇರಾ" ಎಂಬ ಕ್ರಿಯಾಪದದಿಂದ. ಆ ಬೇರಾ ಮತ್ತು ನಮ್ಮ ಭೃ, ಭಾರ ಎರಡೂ ಒಂದೇ ತಾಯಿಬೇರಿನವು. ಹಿಮ ಮತ್ತು ಬೆಂಕಿಬೆಟ್ಟಗಳ ನಡುವೆ ಅವರು ಫ್ರೌಬೈರ್ ಎಂದಾಗಲೂ, ಕರಿಮಣ್ಣಿನ ಅಖಾಡದ ಬದಿಗೆ ನಮ್ಮ ಅಜ್ಜ ಭಾರೀ ಎಂದಾಗಲೂ, ಮಾತಿನ ಆಳದಲ್ಲಿ ಯಾರೋ ಏನನ್ನೋ ಹೊತ್ತು ನಿಂತಿದ್ದಾರೆ.

ಅಲ್ಲಿಗೆ ನನಗೆ ಹೊಗಳಿಕೆಯ ಮಾತುಗಳಲ್ಲಿ ಎರಡು ಪಂಗಡ ಕಂಡವು. ಒಂದು, ನೋಡುವವನ ಸ್ಥಿತಿಯನ್ನು ಹೇಳುವವು. ನಾನು ಅಂಜಿದೆ, ನನಗೆ ಅಮಲೇರಿತು, ನಾನು ಕತ್ತೆತ್ತಿದೆ. ಇನ್ನೊಂದು, ಎದುರಿಗಿರುವವನು ಏನು ಹೊತ್ತಿದ್ದಾನೆ ಎಂದು ಹೇಳುವವು. ಭಾರೀ ಎರಡನೆಯ ಪಂಗಡದ್ದು. ಉಳಿದವು ಕಣ್ಣಿನ ಮಾತು. ಇದು ಹೆಗಲಿನ ಮಾತು.

ಕನ್ನಡ ಮನಸ್ಸಿಗೆ ಈ ಲೆಕ್ಕ ಮೊದಲಿನಿಂದಲೂ ಗೊತ್ತು. ದೊಡ್ಡವರ ಮಾತಿಗೆ ತೂಕ ಇರುತ್ತದೆ ಎನ್ನುತ್ತೇವೆ, ವಜನ ಇರಬೇಕು ಎನ್ನುತ್ತೇವೆ. ಬೇಜವಾಬ್ದಾರಿಯಿಂದ ಆಡಿದ್ದು ಹಗುರ ಮಾತು. ಶಾಲೆಯಲ್ಲಿ ಛಂದಸ್ಸು ಕಲಿಯುವಾಗ ಎಲ್ಲರೂ ಅಕ್ಷರಗಳ ತಲೆಯ ಮೇಲೆ ಲಘು, ಗುರು ಹಾಕಿದ್ದೇವೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಗುರು ಎಂಬ ಪದದ ಮೊದಲ ಅರ್ಥವೇ ಭಾರವಾದದ್ದು. ಕಲಿಸುವವನಿಗೆ ಆ ಹೆಸರು ಸಂದದ್ದು ಆಮೇಲೆ.

ಗುರು ಎಂದ ಕೂಡಲೇ ನಮ್ಮ ಶಿಗ್ಗಾಂವ ತಾಲೂಕಿನವರಿಗೆ ನೆನಪಾಗುವುದು ಶಿಶುನಾಳ. ಶರೀಫಸಾಹೇಬರು ಹುಟ್ಟಿದ್ದು 1819ರಲ್ಲಿ, ತೀರಿಕೊಂಡದ್ದು 1889ರಲ್ಲಿ. ಕಳಸದ ಗೋವಿಂದಭಟ್ಟರು ಮುಸಲ್ಮಾನರ ಹುಡುಗನೊಬ್ಬನನ್ನು ಶಿಷ್ಯನೆಂದು ಕರೆದುಕೊಂಡಾಗ ಇಬ್ಬರ ಹೆಗಲಿಗೂ ಹೊರೆ ಬಿತ್ತು. ಒಬ್ಬರಿಗೆ ಅಗ್ರಹಾರದ ಮುನಿಸು, ಇನ್ನೊಬ್ಬರಿಗೆ ತಮ್ಮವರ ಅನುಮಾನ. ಇಬ್ಬರೂ ಆ ಹೊರೆಯನ್ನು ಕೆಳಗಿಡಲಿಲ್ಲ. ಹಾಗೆ ಹೊತ್ತೇ ನಡೆದವರ ಪದಗಳನ್ನು ನಾವಿಂದು ಭಜನೆಯ ಮೇಳದಲ್ಲಿ ಹಗುರ ಮನಸ್ಸಿನಿಂದ ಹಾಡುತ್ತೇವೆ. "ಶರೀಫಜ್ಜ ಭಾರೀ ಮನಶ್ಯಾ" ಎಂದು ಊರವರು ಹೇಳಿದರೆ, ಆ ಮಾತು ಅದರ ಪೂರ್ತಿ ಅರ್ಥದಲ್ಲಿ ನಿಜ.

ಅದೇ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರದು ಬೇರೆ ದಾರಿ. ಬಂಕಾಪುರ ಸೀಮೆಯ ನಾಯಕತನ ಅವರ ಮೇಲಿತ್ತು. ಕತ್ತಿ, ಕುದುರೆ, ಅಧಿಕಾರದ ಆ ಭಾರವನ್ನು ಇಳಿಸಿ ತಂಬೂರಿ ಹಿಡಿದರು. ಅವರನ್ನೂ ಭಾರೀ ಎನ್ನದೆ ಇರಲಾದೀತೆ? ಹೊತ್ತವರಷ್ಟೇ ಅಲ್ಲ, ಯಾವುದನ್ನು ಇಳಿಸಬೇಕು ಎಂದು ಬಲ್ಲವರೂ ಭಾರೀ. ಇಳಿಸುವುದಕ್ಕೂ ಹೆಗಲಿನ ಬಲವೇ ಬೇಕು. ಕತ್ತಿ ಇಳಿಸಿದ ಆ ಹೆಗಲು ಆಮೇಲೆ ಹೊತ್ತದ್ದು ಕುಲದ ಹೆಸರಿನಲ್ಲಿ ಮನುಷ್ಯರನ್ನು ದೂರ ಇಡುವ ಸಮಾಜಕ್ಕೆ ಪ್ರಶ್ನೆ ಕೇಳುವ ಭಾರವನ್ನು.

ಬಂಕಾಪುರ ಕೋಟೆಯೊಳಗಿನ ನಗರೇಶ್ವರ ಗುಡಿಗೆ ಜನ ಅರವತ್ತು ಕಂಬದ ಗುಡಿ ಎನ್ನುತ್ತಾರೆ. ಕಂಬಗಳ ನುಣುಪು, ಅವುಗಳ ಸುತ್ತಲಿನ ಬಳೆಯಂಥ ಗೆರೆ ನೋಡಿ ಎಲ್ಲರೂ ಚಂದ ಎನ್ನುತ್ತಾರೆ. ನಾನೂ ಅಂದಿದ್ದೇನೆ. ಆದರೆ ಒಂದು ಕಂಬಕ್ಕೆ ಅಂಗೈ ಹಚ್ಚಿ ತಲೆಯ ಮೇಲಿನ ಕಲ್ಲುಚಪ್ಪಡಿಗಳನ್ನು ಒಮ್ಮೆ ನೋಡಿದರೆ ಬಾಯಿಗೆ ಬರುವ ಮಾತು ಬೇರೆ. ನೂರಾರು ವರ್ಷ ಅದನ್ನು ಹೊತ್ತು, ಹೊತ್ತಿದ್ದೇನೆಂದು ಎಲ್ಲೂ ತೋರಿಸದೆ ನಿಂತಿವೆ ಅವು.

ನನಗೊಂದು ಕಳವಳವಿದೆ. ಹೆಚ್ಚು ಕೈಬದಲಾದ ನಾಣ್ಯ ಸವೆಯುವಂತೆ ಹೊಗಳಿಕೆಯ ಮಾತೂ ಸವೆಯುತ್ತದೆ. ಆಸಮ್‌ನಲ್ಲಿ ಈಗ ಅಂಜಿಕೆ ಉಳಿದಿಲ್ಲ, ಮಸ್ತ್‌ನಲ್ಲಿ ಅಮಲು ಉಳಿದಿಲ್ಲ. ಭಾರೀಯನ್ನೂ ನಾವು ಮೊಬೈಲಿನಲ್ಲಿ ಬಂದ ಪ್ರತಿ ಫೋಟೋಕ್ಕೂ ಎಸೆಯುತ್ತಿದ್ದೇವೆ. ಭಾರವಿಲ್ಲದ ಭಾರೀ ಬರಿಯ ದನಿ. ಐಸ್‌ಲ್ಯಾಂಡಿನವರಂತೆ ಪದಗಳನ್ನು ಕಾಯುವುದೆಂದರೆ ಹೊರಗಿನ ಮಾತು ಬಾರದಂತೆ ಬಾಗಿಲು ಹಾಕುವುದೆಂದು ನಾನು ತಿಳಿದಿಲ್ಲ. ಶಾಬಾಸ್‌ನಂಥ ಹರಕೆಯನ್ನು ಹೊರಗೆ ನಿಲ್ಲಿಸಿದ್ದರೆ ನಾವೇ ಬಡವರಾಗುತ್ತಿದ್ದೆವು. ಕಾಯುವುದೆಂದರೆ ನಮ್ಮ ಬಾಯಲ್ಲಿರುವ ಪದದೊಳಗೆ ಏನಿದೆ ಎಂದು ಮರೆಯದೆ ಇರುವುದು.

ನನಗೆ ಅದನ್ನು ಮೊದಲು ಕಲಿಸಿದ್ದು ನಮ್ಮಜ್ಜಿ. ಸಂಜೆ ಹೊಲದಲ್ಲಿ ಹಸಿಹುಲ್ಲಿನ ಹೊರೆ ಕಟ್ಟಿ, ತಲೆಯ ಮೇಲೆ ಸಿಂಬಿ ಇಟ್ಟುಕೊಂಡು ಬದುವಿನ ಹತ್ತಿರ ಕಾಯುತ್ತಿದ್ದಳು. ದೊಡ್ಡ ಹೊರೆಯನ್ನು ಹೊತ್ತು ಎರಡು ಮೈಲಿ ನಡೆಯಬಹುದು, ಆದರೆ ಒಬ್ಬರೇ ಅದನ್ನು ತಲೆಗೇರಿಸಿಕೊಳ್ಳಲಾಗದು. ಇನ್ನೊಬ್ಬರು ಎತ್ತಿಸಬೇಕು. ದಾರಿಯಲ್ಲಿ ಯಾರು ಕಂಡರೂ ಕರೆಯುತ್ತಿದ್ದಳು: "ಯಪ್ಪಾ, ಒಂದೀಟ ಕೈ ಹಚ್ಚ, ಹೊರಿ ಎತ್ತಸ." ಒಮ್ಮೆ ಹಾಗೆ ಕೈಹಚ್ಚಿದ ಹೊಂತಕಾರಿ ಹುಡುಗನೊಬ್ಬ ಹೊರೆ ಎದೆಮಟ್ಟಕ್ಕೆ ಬರುವಷ್ಟರಲ್ಲಿ ಏದುಸಿರು ಬಿಟ್ಟು, "ಯಜ್ಜೀ, ಭಾರೀ ಐತಲ್ಲ!" ಎಂದ. ಹೊರೆಗೆ ಅಂದನೋ, ಅಜ್ಜಿಗೆ ಅಂದನೋ, ಇವತ್ತಿಗೂ ನನಗೆ ಬೇರ್ಪಡಿಸಿ ಹೇಳಲು ಬರುವುದಿಲ್ಲ. ಅಜ್ಜಿ ನಕ್ಕು, ಕತ್ತು ನೆಟ್ಟಗೆ ಮಾಡಿಕೊಂಡು ನಡೆದಳು.

ದೂರದಿಂದ ನೋಡಿದವರಿಗೆ ಅದು ಹಸಿರು ಹುಲ್ಲಿನ ಹೊರೆ, ಅಷ್ಟೆ. ತೂಕ ಗೊತ್ತಾದದ್ದು ಎತ್ತಿಸಿದವನಿಗೆ. ಕಟ್ಟೆಯ ಮೇಲಿನ ಮುದುಕರ ಸಣ್ಣ ದನಿಯ ಗುಟ್ಟೂ ಅದೇ. ಹೋರಿ ಓಡಿದ್ದು ಒಂದು ಗಳಿಗೆ. ಅದರ ಹಿಂದೆ ವರ್ಷವಿಡೀ ಹಿಂಡಿ ಕಲಸಿದ ಕೈ, ಮೈ ತೊಳೆದ ಬೆಳಗು, ಸಾಲ ಮಾಡಿ ತಂದ ಹತ್ತಿಕಾಳು, ಅವರು ಎಲ್ಲವನ್ನೂ ಸ್ವಂತ ಹೆಗಲಿನಿಂದ ಬಲ್ಲರು. ಅದಕ್ಕೇ ಕೂಗುವುದಿಲ್ಲ. ಒಬ್ಬರನ್ನು ಭಾರೀ ಎನ್ನುವ ಮುನ್ನ ಅವರ ಹೊರೆಗೆ ಒಂದು ಸಲ ಕೈ ಹಚ್ಚಿ ನೋಡಬೇಕು. ಆಮೇಲೆ ಆಡಿದ ಮಾತು ತಾನಾಗಿಯೇ ಸಣ್ಣ ದನಿಯಲ್ಲಿ ಬರುತ್ತದೆ.