ಗೋಡೆ ಎಲ್ಲಿ ಏಳಬೇಕು? ಸಸ್ಯಕೋಶದ ವಿಭಜನೆ ಮತ್ತು ಸೂಕ್ಷ್ಮನಾಳಿಕೆಗಳು

ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ಈರುಳ್ಳಿ ಬೇರಿನ ಪ್ರಯೋಗ ನೆನಪಿರುತ್ತದೆ. ನೀರು ತುಂಬಿದ ಲೋಟದ ಬಾಯಿಗೆ ಈರುಳ್ಳಿ ಕೂರಿಸಿ ಬೇರು ಬರಿಸುವುದು, ಬಿಳಿಯ ತುದಿಯನ್ನಷ್ಟೇ ಕತ್ತರಿಸಿ ಅಸಿಟೋಕಾರ್ಮಿನ್ ಬಣ್ಣ ಹಾಕುವುದು, ಕವರ್ ಸ್ಲಿಪ್ಪಿನ ಮೇಲೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತುವುದು. ಸೂಕ್ಷ್ಮದರ್ಶಕದಲ್ಲಿ ಕೆಂಪು ವರ್ಣತಂತುಗಳು ಕಾಣುತ್ತವೆ. ಈರುಳ್ಳಿಯ ಒಂದು ಕೋಶಕ್ಕೆ 16. ಒಂದು ಕೋಶದಲ್ಲಿ ಅವು ನಡುವೆ ಸಾಲುಗಟ್ಟಿರುತ್ತವೆ, ಪಕ್ಕದ ಕೋಶದಲ್ಲಿ ಎರಡು ಗುಂಪಾಗಿ ದೂರ ಸರಿದಿರುತ್ತವೆ. ಅವನ್ನು ಎಳೆದದ್ದು ಯಾವುದು, ನಡುವೆ ಗೋಡೆ ಎಬ್ಬಿಸಿದ್ದು ಯಾವುದು ಎಂಬುದು ಮಾತ್ರ ಆ ಸ್ಲೈಡಿನಲ್ಲಿ ಕಾಣುವುದಿಲ್ಲ. ಆ ಬಣ್ಣ ಹಿಡಿಯದ ಸೂಕ್ಷ್ಮನಾಳಿಕೆಗಳದೇ ಆ ಕೆಲಸವೆಲ್ಲ.

ಸಸ್ಯಕೋಶಕ್ಕೆ ಈ ಕೆಲಸ ಪ್ರಾಣಿಕೋಶಕ್ಕಿಂತ ಹೆಚ್ಚು ಜವಾಬ್ದಾರಿಯದು. ಪ್ರಾಣಿಕೋಶ ಹುಟ್ಟಿದ ಮೇಲೂ ಜಾಗ ಬದಲಿಸಬಹುದು. ಸಸ್ಯಕೋಶ ಗೋಡೆಗೆ ಅಂಟಿಕೊಂಡೇ ಬದುಕುತ್ತದೆ. ಎದ್ದ ಗೋಡೆಯನ್ನು ಕೆಡವಿ ಬೇರೆ ಕಡೆ ಕಟ್ಟುವಂತಿಲ್ಲ. ಎಲೆಯ ಅಗಲ, ಬೇರಿನ ಉದ್ದ, ಕಾಂಡದ ಗಟ್ಟಿತನ ಎಲ್ಲಕ್ಕೂ ಇಂಥ ಸಾವಿರಾರು ಗೋಡೆಗಳ ದಿಕ್ಕು ಆಧಾರ.

ನಾಳಿಕೆಯ ರಚನೆ

ಟ್ಯೂಬ್ಯುಲಿನ್ ಎಂಬ ಪ್ರೋಟೀನಿನಲ್ಲಿ ಆಲ್ಫಾ, ಬೀಟಾ ಎಂಬ ಎರಡು ಬಗೆ. ಇವು ಜೋಡಿಯಾಗಿ, ಜೋಡಿಗಳು ಒಂದರ ತಲೆಗೊಂದು ಸೇರಿ ಎಳೆಯಾಗುತ್ತವೆ. ಸಾಮಾನ್ಯವಾಗಿ 13 ಎಳೆಗಳು ಅಕ್ಕಪಕ್ಕ ನಿಂತು ಸುತ್ತುಗಟ್ಟಿದರೆ ಟೊಳ್ಳಾದ ಒಂದು ನಾಳಿಕೆ. ಅದರ ದಪ್ಪ 25 ನ್ಯಾನೋಮೀಟರ್. ಒಂದು ತಲೆಗೂದಲ ಅಗಲಕ್ಕೆ ಇಂಥವನ್ನು ಸುಮಾರು 3,000 ಜೋಡಿಸಬಹುದು. 1963ರಲ್ಲಿ ಮೈರನ್ ಲೆಡ್‌ಬೆಟರ್ ಮತ್ತು ಕೀತ್ ಪೋರ್ಟರ್ ಬೇರಿನ ತುದಿಯ ಕೋಶಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ಇವನ್ನು ಸ್ಪಷ್ಟವಾಗಿ ವಿವರಿಸಿದರು.

ನಾಳಿಕೆ ನಿಂತಲ್ಲಿ ನಿಲ್ಲುವ ವಸ್ತುವಲ್ಲ. ಬೆಳೆಯುತ್ತಿದ್ದ ತುದಿ ಇದ್ದಕ್ಕಿದ್ದಂತೆ ಕಳಚಿಕೊಂಡು ಕುಗ್ಗುತ್ತದೆ, ಮತ್ತೆ ಬೆಳೆಯುತ್ತದೆ. ಈ ಅಸ್ಥಿರತೆಯನ್ನು 1984ರಲ್ಲಿ ಟಿಮ್ ಮಿಚಿಸನ್ ಮತ್ತು ಮಾರ್ಕ್ ಕಿರ್ಶ್ನರ್ ತೋರಿಸಿಕೊಟ್ಟರು. ಮದುವೆ ಮನೆಯ ಚಪ್ಪರ ಬಿಚ್ಚಿ, ಅದೇ ಗಳುಗಳನ್ನು ಮುಂದಿನ ಊರಿನ ಜಾತ್ರೆಗೆ ಒಯ್ಯುತ್ತಾರಲ್ಲ, ಕೋಶವೂ ಹಾಗೇ ಒಂದೇ ಸಾಮಗ್ರಿಯಿಂದ ಒಂದರ ಹಿಂದೊಂದು ಬೇರೆ ಬೇರೆ ರಚನೆ ಕಟ್ಟುತ್ತದೆ.

ಮೇಸ್ತ್ರಿ ಇಲ್ಲದ ಕೆಲಸ

ಪ್ರಾಣಿಕೋಶದಲ್ಲಿ ನಾಳಿಕೆಗಳು ಮುಖ್ಯವಾಗಿ ಹೊರಡುವುದು ಸೆಂಟ್ರೋಸೋಮ್ ಎಂಬ ಕೇಂದ್ರದಿಂದ. ಈರುಳ್ಳಿಯಂಥ ಹೂಬಿಡುವ ಸಸ್ಯಗಳಲ್ಲಿ ಅದಿಲ್ಲ, ಸೆಂಟ್ರಿಯೋಲೂ ಇಲ್ಲ. ಹಾವಸೆ, ಜರೀಗಿಡ, ಸೈಕಸ್‌ಗಳಲ್ಲಿ ಸೆಂಟ್ರಿಯೋಲ್ ಕಾಣಿಸಿಕೊಳ್ಳುವುದು ಈಜುವ ಗಂಡು ಕೋಶ ತಯಾರಾಗುವಾಗ ಮಾತ್ರ.

ಹಾಗಾದರೆ ನಾಳಿಕೆ ಹುಟ್ಟುವುದೆಲ್ಲಿ? ಗಾಮಾ ಟ್ಯೂಬ್ಯುಲಿನ್ ಎಂಬ ಮೂರನೆಯ ಬಗೆಯು ಬೇರೆ ಪ್ರೋಟೀನುಗಳ ಜೊತೆ ಸೇರಿ ಉಂಗುರದಂಥ ಅಚ್ಚಾಗುತ್ತದೆ. ಅದು ಕೂತಲ್ಲಿ ಹೊಸ ನಾಳಿಕೆ ಮೊಳೆಯುತ್ತದೆ. ಸಸ್ಯಕೋಶದಲ್ಲಿ ಈ ಅಚ್ಚುಗಳು ಕೋಶಕೇಂದ್ರದ ಹೊರಮೈಯಲ್ಲಿ, ಕೋಶಪೊರೆಯ ಒಳಬದಿಯಲ್ಲಿ, ಮುಖ್ಯವಾಗಿ ಈಗಾಗಲೇ ಇರುವ ನಾಳಿಕೆಗಳ ಮೈಮೇಲೆ ಚದುರಿರುತ್ತವೆ. ಎಂಟು ಪ್ರೋಟೀನುಗಳ ಆಗ್ಮಿನ್ ಎಂಬ ಕೂಟ ಅವನ್ನು ಹಳೆಯ ನಾಳಿಕೆಗೆ ಅಂಟಿಸುತ್ತದೆ. ಕೋಶಪೊರೆಯ ಬಳಿಯ ನಾಳಿಕೆಗಳಲ್ಲಿ ಹೊಸ ಕವಲು ಹಲವು ಸಲ ಸುಮಾರು 40 ಡಿಗ್ರಿ ಓರೆಯಲ್ಲಿ ಒಡೆಯುತ್ತದೆ. ಕಟಾನಿನ್ ಎಂಬ ಕಿಣ್ವ ಕವಲನ್ನು ಬುಡದಲ್ಲಿ ಕತ್ತರಿಸಿ ಬಿಡುಗಡೆ ಮಾಡುತ್ತದೆ. ಅಪ್ಪಣೆ ಕೊಡುವವರಿಲ್ಲದೆ ಈ ಹುಟ್ಟು, ಕತ್ತರಿಕೆ, ಕೂಡಿಕೆಗಳಿಂದಲೇ ಕ್ರಮ ಮೂಡುತ್ತದೆ. ಸಸ್ಯಕೋಶದ ಅತಿ ದೊಡ್ಡ ಸೋಜಿಗ ಇದೇ ಎಂದು ನನಗನಿಸುತ್ತದೆ.

ಮೊದಲೇ ಬಿದ್ದ ಗೆರೆ

ಮನೆ ಕಟ್ಟುವವರು ಪಾಯ ತೋಡುವ ಮೊದಲು ದಾರ ಹಿಡಿದು ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಾರೆ. ಸಸ್ಯಕೋಶವೂ ವರ್ಣತಂತುಗಳು ಬೇರೆಯಾಗುವುದಕ್ಕೆ ಬಹಳ ಮೊದಲೇ ಇಂಥದೊಂದು ಗೆರೆ ಹಾಕಿಕೊಳ್ಳುತ್ತದೆ. ಕೋಶಪೊರೆಯ ಕೆಳಗೆ ಎಲ್ಲೆಡೆ ಹರಡಿದ್ದ ನಾಳಿಕೆಗಳು ಒಂದೆಡೆ ಒತ್ತಾಗಿ, ಕೋಶದ ನಡುವಿಗೆ ಕಟ್ಟಿದ ಉಡಿದಾರದಂತೆ ಪಟ್ಟಿಯಾಗುತ್ತವೆ. ಇದರ ಹೆಸರು ಪ್ರೀಪ್ರೊಫೇಸ್ ಪಟ್ಟಿ. ಮೊದಲು ಅಗಲವಾಗಿದ್ದು ಬರಬರುತ್ತ ಕಿರಿದಾಗುತ್ತದೆ.

1966ರಲ್ಲಿ ಜೆರೆಮಿ ಪಿಕೆಟ್-ಹೀಪ್ಸ್ ಮತ್ತು ಡೊನಾಲ್ಡ್ ನಾರ್ತ್‌ಕೋಟ್ ಗೋಧಿಯಲ್ಲಿ ಇದನ್ನು ಗುರುತಿಸಿದರು. ಗೋಧಿ ಎಲೆಯ ಪತ್ರರಂಧ್ರದ ಅಕ್ಕಪಕ್ಕ ಸಣ್ಣ ಸಹಾಯಕ ಕೋಶಗಳಿರುತ್ತವೆ. ಅವು ಹುಟ್ಟುವಾಗ ತಾಯಿಕೋಶ ಸರಿಸಮ ಎರಡಾಗುವುದಿಲ್ಲ. ಒಂದು ಪಕ್ಕದಲ್ಲಿ ಬಾಗಿದ ಗೋಡೆ ಎದ್ದು ಸಣ್ಣ ತುಂಡೊಂದು ಬೇರೆಯಾಗುತ್ತದೆ. ಅವರು ನೋಡಿದಾಗ ಪಟ್ಟಿಯೂ ನಡುವೆ ಇರಲಿಲ್ಲ. ಗೋಡೆ ಮುಂದೆ ತಾಯಿಗೋಡೆಯನ್ನು ಸೇರಬೇಕಾದ ಜಾಗದಲ್ಲೇ ಇತ್ತು.

ಕೋಶಕೇಂದ್ರದ ಪೊರೆ ಒಡೆಯುವ ಹೊತ್ತಿಗೆ ಪಟ್ಟಿ ಕರಗಿಹೋಗುತ್ತದೆ. ಆದರೆ ಟ್ಯಾಂಗಲ್ಡ್‌ನಂಥ ಪ್ರೋಟೀನುಗಳು ಆ ಜಾಗದಲ್ಲಿ ಉಳಿದು ನೆನಪು ಕಾಯುತ್ತವೆ. ಪಟ್ಟಿಯೇ ಸರ್ವಸ್ವವೂ ಅಲ್ಲ. 2017ರಲ್ಲಿ ಫ್ರಾನ್ಸಿನ ಸಂಶೋಧಕರು ಪಟ್ಟಿ ಕಟ್ಟಲಾಗದ ಅರಬಿಡಾಪ್ಸಿಸ್ ಗಿಡಗಳನ್ನು ಪರೀಕ್ಷಿಸಿದರು. ಕೋಶಗಳು ವಿಭಜನೆಯಾದವು, ಗೋಡೆಯ ದಿಕ್ಕಿನಲ್ಲಿ ನಿಖರತೆ ಮಾತ್ರ ತಗ್ಗಿತ್ತು.

ಕದಿರು

ಕೋಶಕೇಂದ್ರದ ಸುತ್ತ ಸೇರಿದ ನಾಳಿಕೆಗಳು ಎರಡು ಕಡೆಗೆ ಒಟ್ಟಾಗಿ ಕದಿರಾಗುತ್ತವೆ. ಕೇಂದ್ರಬಿಂದು ಇಲ್ಲದ್ದರಿಂದ ಅದರ ತುದಿಗಳು ಚೂಪಾಗಿರದೆ ಪೀಪಾಯಿಯ ಹಾಗೆ ಅಗಲವಾಗಿರುವುದುಂಟು. ವರ್ಣತಂತುಗಳನ್ನು ಹಿಡಿದು ಬೇರೆ ಮಾಡುವ ಕ್ರಮ ಪ್ರಾಣಿಗಳಲ್ಲಿರುವಂತೆಯೇ.

ಒಳಗಿನಿಂದ ಹೊರಕ್ಕೆ

ಪ್ರಾಣಿಕೋಶ ಹೊರಗಿನಿಂದ ಸೊಂಟ ಬಿಗಿದುಕೊಂಡು ಎರಡಾಗುತ್ತದೆ. ಗಟ್ಟಿಗೋಡೆಯ ಸಸ್ಯಕೋಶಕ್ಕೆ ಅದು ಆಗದ ಮಾತು. ಅದು ನಡುವಿನಿಂದ ಕಟ್ಟುತ್ತಾ ಹೋಗುತ್ತದೆ. ದೂರ ಸರಿದ ಎರಡು ವರ್ಣತಂತು ಗುಂಪುಗಳ ನಡುವೆ ನಾಳಿಕೆಗಳು ಎದುರುಬದುರು ನಿಂತು, ಬೆಳೆಯುವ ತುದಿಗಳನ್ನು ಮಧ್ಯಕ್ಕೆ ಚಾಚುತ್ತವೆ. ಇದು ಫ್ರಾಗ್ಮೋಪ್ಲಾಸ್ಟ್. ಗಾಲ್ಗಿಯಿಂದ ಬಂದ ಪುಟ್ಟ ಕೋಶಿಕೆಗಳು ಈ ಹಳಿಗಳ ಮೇಲೆ ಗೋಡೆಯ ಸಾಮಗ್ರಿ ಹೊತ್ತು ತರುತ್ತವೆ. ಮಧ್ಯದಲ್ಲಿ ಅವು ಒಂದಕ್ಕೊಂದು ಬೆಸೆದು ಕೋಶಫಲಕವಾಗುತ್ತವೆ. ಫಲಕ ಸಿದ್ಧವಾದಲ್ಲಿ ನಾಳಿಕೆಗಳು ಕಳಚಿ, ಅಂಚಿನಲ್ಲಿ ಹೊಸವು ಹುಟ್ಟುತ್ತವೆ. ಕೆರೆಗೆ ಕಲ್ಲೆಸೆದಾಗಿನ ಅಲೆಯಂತೆ ಉಂಗುರ ಹಿಗ್ಗುತ್ತ ಹೋಗಿ, ಮೊದಲು ಗೆರೆ ಬಿದ್ದಿದ್ದ ಜಾಗದಲ್ಲೇ ತಾಯಿಗೋಡೆಗೆ ಸೇರುತ್ತದೆ.

ಗೌರಿ ಹೂವು ಮತ್ತು ಹೊಲದ ಕಳೆ

ಮಲೆನಾಡಿನ ಬೇಲಿಗಳಲ್ಲಿ ಮಳೆಗಾಲದಲ್ಲಿ ಅರಳುವ ಗೌರಿ ಹೂವಿನ ಗಿಡದಲ್ಲಿ ಕಾಲ್ಚಿಸಿನ್ ಎಂಬ ವಿಷವಿದೆ. ಅದು ಟ್ಯೂಬ್ಯುಲಿನ್ ಜೋಡಿಗೆ ಅಂಟಿ ನಾಳಿಕೆ ಕಟ್ಟದಂತೆ ತಡೆಯುತ್ತದೆ. ಕದಿರಿಲ್ಲದ ಕೋಶದಲ್ಲಿ ವರ್ಣತಂತುಗಳು ಇಮ್ಮಡಿಯಾಗಿಯೂ ಅಲ್ಲೇ ಉಳಿಯುತ್ತವೆ. 1937ರಿಂದ ತಳಿ ತಜ್ಞರು ವರ್ಣತಂತು ಇಮ್ಮಡಿಸಿದ ಗಿಡ ಪಡೆಯಲು ಇದನ್ನು ಬಳಸುತ್ತಿದ್ದಾರೆ.

ಕಳೆ ಮೊಳೆಯುವ ಮೊದಲೇ ನೆಲಕ್ಕೆ ಸಿಂಪಡಿಸುವ ಪೆಂಡಿಮೆಥಾಲಿನ್ ಸಹ ನಾಳಿಕೆಗಳಿಗೇ ಪೆಟ್ಟು ಕೊಡುತ್ತದೆ. ಅದು ಅಂಟುವುದು ಸಸ್ಯದ ಟ್ಯೂಬ್ಯುಲಿನ್‌ಗೆ. ಮೊಳಕೆಯ ಬೇರಿನ ತುದಿ ಉದ್ದವಾಗದೆ ಗೆಡ್ಡೆಯಂತೆ ಊದಿಕೊಳ್ಳುತ್ತದೆ. ಆದರೆ ರಾಗಿಯ ದಾಯಾದಿಯಾದ ಇಲ್ಯೂಸಿನ್ ಇಂಡಿಕಾ ಎಂಬ ಕಳೆ ಈ ಗುಂಪಿನ ಕಳೆನಾಶಕಕ್ಕೆ ಬಗ್ಗದ ಬಗೆಯನ್ನು 1998ರಲ್ಲಿ ವಿಜ್ಞಾನಿಗಳು ಬಿಡಿಸಿಟ್ಟರು: ಆಲ್ಫಾ ಟ್ಯೂಬ್ಯುಲಿನ್‌ನ 239ನೆಯ ಸ್ಥಾನದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿತ್ತು. ಒಂದೇ ಗುಂಪಿನ ಕಳೆನಾಶಕವನ್ನು ವರ್ಷ ವರ್ಷವೂ ಅದೇ ಹೊಲಕ್ಕೆ ಹೊಡೆಯಬೇಡಿ ಎಂದು ರೈತರಿಗೆ ಹೇಳುವುದು ಇದಕ್ಕೇ.