ಸರಹದ್ದು ದಾಟಿ ಮರಳಿದವರು

ಪರದೇಶದ ಪ್ರವಾಸಕಥನಗಳನ್ನು ಓದುವವರಿಗೆ ಒಂದು ಕೊರತೆ ಗೋಚರವಾಗದೆ ಇರದು. ಹೊರಡುವಾಗಿನ ಸಡಗರವನ್ನೂ, ದಾರಿಯ ಕಷ್ಟಸುಖಗಳನ್ನೂ, ಕಂಡ ನಗರಗಳ ವೈಭವವನ್ನೂ ಪುಟಗಟ್ಟಲೆ ವಿಸ್ತರಿಸುವ ಲೇಖಕರು, ತಿರುಗಿ ಮನೆಯ ಹೊಸ್ತಿಲನ್ನು ದಾಟಿದ ಮರುದಿನ ತಮ್ಮ ಚಿತ್ತವೃತ್ತಿ ಯಾವ ತೆರನಾಗಿತ್ತು, ನಿತ್ಯದ ಊಟಕ್ಕೂ ನಿತ್ಯದ ದುಡಿಮೆಗೂ ತಾವು ಮತ್ತೆ ಹೇಗೆ ಒಗ್ಗಿಕೊಂಡರು ಎಂಬುದನ್ನು ಸಾಮಾನ್ಯವಾಗಿ ಹೇಳಹೋಗುವುದಿಲ್ಲ. ಗೋಕಾಕರ ‘ಸಮುದ್ರದಾಚೆಯಿಂದ’, ಕಾರಂತರ ‘ಅಪೂರ್ವ ಪಶ್ಚಿಮ’ ಮೊದಲಾದವು ಕನ್ನಡಿಗರ ಕಣ್ಣಿಗೆ ಯುರೋಪನ್ನು ಕಾಣಿಸಿದ ಗ್ರಂಥಗಳು. ಅವುಗಳ ದೃಷ್ಟಿ ಸಹಜವಾಗಿಯೇ ಆಚೆಯ ದಡದ ಮೇಲಿದೆ. ಮರಳಿ ಬಂದು ನೆಲೆಗೊಳ್ಳುವುದರ ಚರಿತ್ರೆಯನ್ನು ಅರಸಬೇಕಾದರೆ ಪುಸ್ತಕಗಳನ್ನು ಬದಿಗಿರಿಸಿ ಊರುಗಳ ವಾಡಿಕೆಗಳನ್ನು ನೋಡಬೇಕಾಗುವುದು. ಅಂಥ ಅರಸುವಿಕೆಗೆ ಕುಷ್ಟಗಿ ತಾಲೂಕಿನ ತಾವರಗೇರಾ ತಕ್ಕ ಸ್ಥಳ. ಏಕೆಂದರೆ ಸುಮಾರು ಒಂದೂವರೆ ಶತಮಾನದ ಕಾಲ ಈ ಸೀಮೆಯ ಒಕ್ಕಲಿಗನಿಗೆ ಅನ್ಯರಾಜ್ಯವನ್ನು ಕಾಣಲು ಹಡಗು ಬೇಕಿರಲಿಲ್ಲ, ಎತ್ತಿನ ಬಂಡಿಯ ಒಂದೆರಡು ದಿನದ ದಾರಿ ಸಾಕಾಗಿತ್ತು.

ಕೃಷ್ಣಾ ತುಂಗಭದ್ರೆಗಳ ನಡುವಣ ಈ ದೋಆಬ್ ಪ್ರದೇಶ ಹೈದರಾಬಾದಿನ ನಿಜಾಮರದಾಗಿತ್ತು. 1800ರ ಒಪ್ಪಂದದಂತೆ ಬಳ್ಳಾರಿ ಕಡಪಗಳ ಸೀಮೆ ಕಂಪನಿ ಸರಕಾರಕ್ಕೆ ಸೇರಿದ ಮೇಲೆ ತುಂಗಭದ್ರೆ ಎರಡು ಆಳಿಕೆಗಳ ನಡುವಿನ ಗಡಿಯಾಯಿತು. 1818ರಲ್ಲಿ ಪೇಶವೆಯವರ ರಾಜ್ಯ ಅಳಿದು ಧಾರವಾಡದ ಕಡೆಯೂ ಇಂಗ್ರೇಜಿ ಮುಲುಕಾದಾಗ ಪಶ್ಚಿಮದಲ್ಲಿಯೂ ಅಂಥದೇ ಗೆರೆ ಬಿದ್ದಿತು. 1853ರಲ್ಲಿ ಸಾಲದ ನಿಮಿತ್ತವಾಗಿ ನಿಜಾಮರು ರಾಯಚೂರು ದೋಆಬನ್ನು ಕಂಪನಿಯ ವಶಕ್ಕೆ ಕೊಟ್ಟದ್ದೂ, 1860ರಲ್ಲಿ ಅದು ತಿರುಗಿ ಅವರ ಕೈಸೇರಿದ್ದೂ ಉಂಟು. ಕೊಪ್ಪಳ ಯಲಬುರ್ಗಿಗಳು ಸಾಲಾರಜಂಗರ ಜಾಗೀರಾಗಿದ್ದವು. ಕುಷ್ಟಗಿ ಗಂಗಾವತಿಗಳು ಲಿಂಗಸುಗೂರು ಜಿಲ್ಲೆಯಲ್ಲಿದ್ದು, 1905ರಲ್ಲಿ ಆ ಜಿಲ್ಲೆ ರದ್ದಾದಾಗ ರಾಯಚೂರಿಗೆ ಸೇರಿದವು. ಗಡಿಯಾಚೆಯ ಗದಗ ಹುಬ್ಬಳ್ಳಿಗಳ ಕನ್ನಡಿಗರು ಈ ನಾಡನ್ನು ಮೊಗಲಾಯಿ ಎಂದು ಕರೆಯುತ್ತಿದ್ದರು. ಭಾಷೆ ಒಂದೇ, ಬೀಗತನ ಒಂದೇ, ರೊಟ್ಟಿ ಒಂದೇ. ರಾಜ್ಯ ಮಾತ್ರ ಬೇರೆ.

ಈ ಭೇದ ಯಾತ್ರಿಕನ ಅನುಭವಕ್ಕೆ ಬರುತ್ತಿದ್ದುದು ಸಣ್ಣಪುಟ್ಟ ಸಂಗತಿಗಳಲ್ಲಿ. ಕಾಲಿದ್ದವರು ಹಂಪೆ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬುದು ಈ ಕಡೆಯ ನಾಣ್ಣುಡಿ. ಅದರಂತೆ ಹೊರಟ ತಾವರಗೇರಾದ ಮನುಷ್ಯ ಕನಕಗಿರಿಯನ್ನು ತನ್ನ ರಾಜ್ಯದಲ್ಲಿಯೇ ನೋಡಿ, ಆನೆಗೊಂದಿಯವರೆಗೂ ನಿಜಾಮರ ಪ್ರಜೆಯಾಗಿ ನಡೆದು, ಅಲ್ಲಿ ಹರಿಗೋಲನ್ನು ಏರಿ ತಳವಾರಘಟ್ಟದಲ್ಲಿ ಇಳಿಯುವಷ್ಟರಲ್ಲಿ ಮದರಾಸು ಪ್ರಾಂತವನ್ನು ಪ್ರವೇಶಿಸಿರುತ್ತಿದ್ದನು. ಅವನ ಗಂಟಿನಲ್ಲಿದ್ದ ಹಾಲಿ ರೂಪಾಯಿಗೆ ಆಚೆಯ ದಂಡೆಯಲ್ಲಿ ಮುಖಬೆಲೆಯಿಲ್ಲ. ನಡುವೆ ಚಾರ್‌ಮಿನಾರಿನ ಚಿತ್ರವೂ, ಅದರ ಬಾಗಿಲಿನ ಕಮಾನಿನಲ್ಲಿ ಉಸ್ಮಾನ್ ಅಲಿ ಖಾನರ ಹೆಸರಿನ ಮೊದಲಕ್ಷರವಾದ ‘ಐನ್’ ಕೂಡ ಇರುತ್ತಿದ್ದ ಆ ಬೆಳ್ಳಿಯ ನಾಣ್ಯ ಏಳು ಕೊಟ್ಟರೆ ಇಂಗ್ರೇಜಿ ಕಲದಾರ ಆರು ಬರುತ್ತಿದ್ದವು. ನೂರು ಕಲದಾರಿಗೆ ಹಾಲಿ ನೂರಾ ಹದಿನಾರು ರೂಪಾಯಿ ಹತ್ತು ಆಣೆ ಎಂಟು ಪೈ ಎಂಬ ಲೆಕ್ಕ ಪೇಟೆಯವರಿಗೆಲ್ಲ ಬಾಯಿಪಾಠ. ಸರಾಫನ ವಟಾವು ಇದರ ಮೇಲೆ.

ಮರಳುವಾಗ ಈ ಎಲ್ಲ ಗಂಟುಗಳನ್ನೂ ಒಂದೊಂದಾಗಿ ಬಿಚ್ಚಬೇಕಾಗಿತ್ತು. ಉಳಿದ ಕಲದಾರನ್ನು ಹಾಲಿಗೆ ತಿರುಗಿಸಬೇಕು; ಮಗಳಿಗೆಂದು ತಂದ ಸೀರೆಯನ್ನೂ, ಮನೆಗೆಂದು ಕೊಂಡ ಹಿತ್ತಾಳೆಯ ಪಾತ್ರೆಯನ್ನೂ ಕರೋಡಗಿರಿ ನಾಕೆಯ ಸಿಪಾಯಿಗೆ ತೋರಿಸಿ, ಸುಂಕಕ್ಕೆ ಬರುವ ಮಾಲು ಯಾವುದು ಬಾರದ ಮಾಲು ಯಾವುದು ಎಂದು ವಾದಿಸಬೇಕು. ವರ್ಷದ ಎಣಿಕೆ ಕೂಡ ಬದಲಾಗುತ್ತಿತ್ತು. ಗಜೇಂದ್ರಗಡದ ಪೇಟೆಯಲ್ಲಿ 1938ರ ಬೇಸಗೆ ನಡೆದಿದ್ದರೆ, ಅದೇ ದಿನ ಕುಷ್ಟಗಿಯ ಕಚೇರಿಯ ಕಾಗದಗಳಲ್ಲಿ 1347ನೆಯ ಫಸಲಿ, ಅದೂ ಉರ್ದು ಲಿಪಿಯಲ್ಲಿ. ನಾಣ್ಯ, ಸುಂಕ, ಸಂವತ್ಸರ, ಕಚೇರಿಯ ಭಾಷೆ ಇಷ್ಟನ್ನೂ ಮತ್ತೆ ಮೈಗೂಡಿಸಿಕೊಂಡ ಮೇಲಲ್ಲವೆ ಅವನು ತನ್ನ ರಾಜ್ಯಕ್ಕೆ ಮರಳಿದನೆಂದು ಹೇಳಬಹುದಾದದ್ದು? ಸರಕಾರದ ಗಡಿಯನ್ನು ಹೀಗೆ ದಾಟಿ ಬಂದವನಿಗೆ ಊರಿನ ಗಡಿ ಇನ್ನೂ ಉಳಿದಿರುತ್ತಿತ್ತು.

ಆ ಗಡಿಯ ಹೆಸರು ಅಗಸಿ. ಯಾತ್ರೆ ಮುಗಿಸಿದವರು ನೆಟ್ಟಗೆ ಮನೆಗೆ ನುಗ್ಗುವ ಪದ್ಧತಿ ಈ ನಾಡಿನಲ್ಲಿ ಇರಲಿಲ್ಲ. ಯುಗಾದಿಯ ಹೊತ್ತಿಗೆ ಶ್ರೀಶೈಲಕ್ಕೆ ಬರಿಗಾಲಿನಲ್ಲಿ ನಡೆದುಹೋಗುವ ಪರಿಸೆಯ ಜನರನ್ನು ಇಂದಿಗೂ ಈ ಭಾಗದ ರಸ್ತೆಗಳಲ್ಲಿ ಕಾಣಬಹುದು. ಭ್ರಮರಾಂಬೆ ಕನ್ನಡಿಗರ ಮನೆಮಗಳು, ಮಲ್ಲಯ್ಯ ಅಳಿಯ ಎಂಬ ಭಾವನೆಯಿಂದ ಸೀರೆ ಕುಪ್ಪಸ, ಅರಿಶಿನ ಕುಂಕುಮಗಳನ್ನು ಕಟ್ಟಿಕೊಂಡು, ಕಂಬಿಯನ್ನು ಹೆಗಲೇರಿಸಿ ಹೊರಡುವ ಈ ಮಂದಿ ಹಿಂದೆ ಹಲವು ವಾರಗಳ ಮೇಲೆ ಮರಳುತ್ತಿದ್ದರು. ಮುಂಚಿತವಾಗಿ ಸುದ್ದಿ ಹೋಗಿ, ಮನೆಯವರು ನೀರಿನ ಕೊಡವನ್ನೂ ಆರತಿಯನ್ನೂ ಹಿಡಿದು ಊರ ಹೊರಗಿನ ಗುಡಿಗೆ ಬರುವರು. ನಡೆದು ಒಡೆದ ಪಾದಗಳಿಗೆ ನೀರು ಹಾಕುವುದು, ಕಾಯಿ ಒಡೆಯುವುದು, ಹಿರಿಯರು ಕಿರಿಯರೆಂಬ ಭೇದವಿಲ್ಲದೆ ಯಾತ್ರಿಕನ ಕಾಲು ಮುಟ್ಟಿ ನಮಸ್ಕರಿಸುವುದು, ಆಮೇಲೆ ಭಜನೆಯೊಂದಿಗೆ ಮನೆಗೆ ಕರೆತರುವುದು ಇವೆಲ್ಲ ಕ್ರಮವಾಗಿ ನಡೆಯುತ್ತಿದ್ದವು. ಮನೆಯನ್ನು ಸೇರಿದ ಮೇಲೆ ತಂದ ಪ್ರಸಾದ ಓಣಿಯ ಪ್ರತಿಯೊಂದು ಮನೆಗೂ ಮುಟ್ಟಬೇಕು. ತಂದದ್ದು ಎಷ್ಟೇ ಕಡಿಮೆಯಿರಲಿ, ಒಂದು ಹರಳು ಸಕ್ಕರೆಯಾದರೂ ಎಲ್ಲರ ಅಂಗೈಗೆ ಬೀಳಬೇಕು.

ಕಾಶಿಯ ಯಾತ್ರೆ ಇನ್ನೂ ಗಹನವಾದದ್ದು. 1880ರ ದಶಕದಲ್ಲಿ ಗದಗಿನಿಂದ ಹೊಸಪೇಟೆಗೆ ಕೊಪ್ಪಳದ ಮೇಲೆ ಹಾದು ರೈಲು ಬಿದ್ದ ಮೇಲೆ, ಆ ವರೆಗೆ ಮರಳುವ ಭರವಸೆಯಿಲ್ಲದೆ ಹೊರಡುತ್ತಿದ್ದ ಮುದುಕರು ಕೂಡ ಗದಗು, ಹೊಟಗಿ ಮಾರ್ಗವಾಗಿ ಉತ್ತರಕ್ಕೆ ಹೋಗಿಬರುವುದು ಸಾಧ್ಯವಾಯಿತು. ಕಾಶಿಯ ಜಂಗಮವಾಡಿ ಮಠ ಕನ್ನಡ ನಾಡಿನ ಎಷ್ಟೋ ಭಕ್ತರಿಗೆ ಅಲ್ಲಿ ತಂಗುದಾಣವಾಗಿತ್ತು. ಹಿಂದಿರುಗಿದವರ ಗಂಟಿನಲ್ಲಿ ಬಾಯಿ ಬೆಸೆದ ತಾಮ್ರದ ಗಿಂಡಿಗಳೂ ಕರಿಯ ಕಾಶೀದಾರದ ಕಟ್ಟುಗಳೂ ಇರುತ್ತಿದ್ದವು. ಗಿಂಡಿಯಲ್ಲಿದ್ದ ಗಂಗೆಯನ್ನು ಪೂಜಿಸಿ ಬಂಧುಬಳಗಕ್ಕೆ ಊಟವಿಕ್ಕುವ ಸಮಾರಾಧನೆಯಾಗುವ ವರೆಗೆ ಯಾತ್ರೆ ಫಲಿಸಿತೆಂದು ಯಾರೂ ಒಪ್ಪುತ್ತಿರಲಿಲ್ಲ. ಸಾಲ ಮಾಡಿ ಕಾಶಿಗೆ ಹೋದವನು ಮರಳಿ ಬಂದು ಸಮಾರಾಧನೆಗಾಗಿ ಮತ್ತೊಂದು ಸಾಲ ಮಾಡಬೇಕಾಗುತ್ತಿದ್ದುದನ್ನು ಕೂಡ ಇಲ್ಲಿ ಮರೆಯಲಾಗದು.

ಈ ವಾಡಿಕೆಗಳಲ್ಲೆಲ್ಲ ಅತ್ಯಂತ ಸೂಕ್ಷ್ಮವಾದದ್ದು ಕಾಶಿಯಲ್ಲಿ ಏನನ್ನಾದರೂ ಬಿಟ್ಟುಬರುವುದು. ತನಗೆ ಇಷ್ಟವಾದ ಒಂದು ಹಣ್ಣನ್ನೋ ಕಾಯಿಪಲ್ಲೆಯನ್ನೋ ಗಂಗೆಯಲ್ಲಿ ನಿಂತು ತ್ಯಜಿಸಿದವರು ಜೀವಮಾನಪರ್ಯಂತ ಅದನ್ನು ಮುಟ್ಟುವಂತಿಲ್ಲ. ಬದನೆಕಾಯಿಯ ಎಣ್ಣೆಗಾಯಿ ಜೋಳದ ರೊಟ್ಟಿಗೆ ಜೊತೆಗೂಡದ ದಿನವೇ ಇಲ್ಲವೆನ್ನಬಹುದಾದ ಈ ಸೀಮೆಯಲ್ಲಿ, ಬದನೆಯನ್ನು ಬಿಟ್ಟುಬಂದ ಅತ್ತೆಯ ಒಂದು ತುತ್ತಿಗಾಗಿ ಒಲೆಯ ಮೇಲೆ ಇನ್ನೊಂದು ಗಡಿಗೆ ಏರಬೇಕಾಗುತ್ತಿತ್ತು. “ಅತ್ತಿ ಅದನ್ನ ಕಾಶ್ಯಾಗ ಬಿಟ್ಟಾರ, ಬ್ಯಾರೆ ಪಲ್ಯ ಮಾಡ್ರಿ” ಎಂಬ ಮಾತು ಮದುವೆಯ ಮನೆಯ ಅಡುಗೆಯವರಿಗೂ ಹೋಗುತ್ತಿತ್ತು. ನಿತ್ಯಜೀವನ ಮೊದಲಿನಂತೆಯೇ ಸಾಗುವುದು, ಆದರೆ ಅದರ ನಡುವೆ ಯಾತ್ರೆಗೆ ಒಂದು ಶಾಶ್ವತವಾದ ಸ್ಥಾನ ದೊರೆಯುವುದು. ಪ್ರವಾಸದ ನೆನಪು ಮಾಸಿಹೋಗುತ್ತದೆಂದು ಕೊರಗುವವರು ಗಮನಿಸಬೇಕಾದ ಉಪಾಯವಿದು: ನಮ್ಮ ಹಿರಿಯರು ಆ ನೆನಪನ್ನು ತಮ್ಮ ನಿತ್ಯದ ಎಡೆಯಲ್ಲಿಯೇ ಇರಿಸಿಬಿಟ್ಟಿದ್ದರು.

ಸಮುದ್ರವನ್ನು ನಿಜವಾಗಿ ದಾಟಿದವರೆಂದರೆ ಹಜ್ ಯಾತ್ರಿಕರು. ಮುಂಬಯಿಯಲ್ಲಿ ಹಡಗನ್ನು ಹಿಡಿದು ಜಿದ್ದಾಕ್ಕೆ ಹೋಗುವ ಆ ದಿನಗಳಲ್ಲಿ, ಕೆಂಪು ಸಮುದ್ರದ ಕಮರಾನ್ ದ್ವೀಪದಲ್ಲಿ ಸಾಂಕ್ರಾಮಿಕ ರೋಗಗಳ ತಪಾಸಣೆಗಾಗಿ ಯಾತ್ರಿಕರನ್ನು ನಿಲ್ಲಿಸುತ್ತಿದ್ದರು. ಮಕ್ಕೆಯಲ್ಲಿ ಹೈದರಾಬಾದು ಸಂಸ್ಥಾನದ ಪ್ರಜೆಗಳ ವಾಸಕ್ಕೆಂದೇ ನಿಜಾಮರು ಏರ್ಪಡಿಸಿದ ರುಬಾತ್ ಎಂಬ ಛತ್ರಗಳಿದ್ದವು. ರಾಜ್ಯ ಅಳಿದರೂ ಆ ಧರ್ಮಕಾರ್ಯ ಅಳಿಯಲಿಲ್ಲ. ಹಳೆಯ ಸಂಸ್ಥಾನಕ್ಕೆ ಸೇರಿದ್ದ ಜಿಲ್ಲೆಗಳವರೆಂಬ ಕಾರಣದಿಂದ ಕೊಪ್ಪಳ ರಾಯಚೂರುಗಳ ಯಾತ್ರಿಕರಿಗೂ ಚೀಟಿ ಎತ್ತಿ ಅಲ್ಲಿ ಪುಕ್ಕಟೆ ವಸತಿ ಕೊಡುವ ಪದ್ಧತಿ ಮುಂದೆಯೂ ನಡೆದುಬಂದಿತು. ಹಡಗಿನ ಯಾತ್ರೆ 1995ರಲ್ಲಿ ಕೊನೆಗೊಂಡಿತು. ಮರಳಿ ಬಂದ ಹಾಜಿ ತನ್ನ ಮನೆಯ ಹೊಸ್ತಿಲನ್ನು ದಾಟುವ ತನಕ ಅವನ ಪ್ರಾರ್ಥನೆಗೆ ವಿಶೇಷವಾದ ಫಲವುಂಟೆಂಬ ನಂಬಿಕೆಯಿರುವುದರಿಂದ, ದುವಾ ಬೇಡುವವರು ದಾರಿಯಲ್ಲಿಯೇ ಅವನನ್ನು ಎದುರುಗೊಳ್ಳುವರು. ಅಪ್ಪಿಕೊಳ್ಳುವರು, ಮಾಲೆ ಹಾಕುವರು. ಆ ಬಳಿಕ ಝಮ್‌ಝಮ್ ನೀರು ಗುಟುಕು ಗುಟುಕಾಗಿಯೂ ಖರ್ಜೂರ ಒಂದೆರಡಾಗಿಯೂ ಓಣಿಯಲ್ಲೆಲ್ಲ ಹಂಚಿಹೋಗುವುದು, ಜಾತಿಮತಗಳ ಎಣಿಕೆಯಿಲ್ಲದೆ. ಗಂಗೆಯ ಗಿಂಡಿಯೂ ಝಮ್‌ಝಮಿನ ಡಬ್ಬಿಯೂ ಮಾಡುತ್ತಿದ್ದ ಕೆಲಸ ಒಂದೇ: ಹೋಗಲಾರದವರ ಪಾಲನ್ನು ಹೋದವನಿಂದ ಕೇಳಿ ಪಡೆಯುವುದು.

ಇಷ್ಟರಿಂದ ಹಿಂದಿನ ಕಾಲವೆಲ್ಲ ಸೌಹಾರ್ದದಿಂದಲೇ ತುಂಬಿತ್ತೆಂದು ತಿಳಿಯಲಾಗದು. ಸಮುದ್ರಯಾನವನ್ನು ಪತನಕಾರಕವಾದ ಕರ್ಮಗಳಲ್ಲಿ ಎಣಿಸಿದ್ದು ಬೌಧಾಯನ ಧರ್ಮಸೂತ್ರ. ಪಂಚಗವ್ಯದ ಪ್ರಾಯಶ್ಚಿತ್ತವಿಲ್ಲದೆ ಪಂಕ್ತಿಗೆ ಸೇರಿಸದ ಮಡಿವಂತಿಕೆ ಇಪ್ಪತ್ತನೆಯ ಶತಮಾನದಲ್ಲಿಯೂ ಪೂರ್ತಿಯಾಗಿ ಅಡಗಿರಲಿಲ್ಲ. 1888ರಲ್ಲಿ ಇಂಗ್ಲೆಂಡಿಗೆ ಹೊರಟ ಗಾಂಧಿಯವರನ್ನು ಅವರ ಜಾತಿಯವರು ಬಹಿಷ್ಕರಿಸಿದರು. 1891ರಲ್ಲಿ ಮರಳಿದಾಗ ಅವರ ಅಣ್ಣ ಅವರನ್ನು ನಾಸಿಕಕ್ಕೆ ಕರೆದೊಯ್ದು ಸ್ನಾನ ಮಾಡಿಸಿ, ರಾಜಕೋಟೆಯಲ್ಲಿ ಜಾತಿಭೋಜನ ಹಾಕಿಸಬೇಕಾಯಿತು. ಸ್ನಾನ ಮತ್ತು ಊಟ ಎಂಬ ಈ ಎರಡು ಅಂಗಗಳು ಕಾಶಿಯಿಂದ ಬಂದವನ ಸತ್ಕಾರದಲ್ಲಿಯೂ ಇದ್ದವೆಂಬುದನ್ನು ನೋಡಿದರೆ, ಆದರವೂ ದಂಡನೆಯೂ ಒಂದೇ ವಿಧಿಯ ಎರಡು ಮುಖಗಳೆಂದು ಗೊತ್ತಾಗುವುದು. ಊರು ಮರಳಿದವನನ್ನು ಒಳಗೆ ಕರೆದುಕೊಳ್ಳುವ ಅಧಿಕಾರವನ್ನು ತನ್ನ ಕೈಯಲ್ಲಿ ಇಟ್ಟುಕೊಂಡಿತ್ತು. ಆ ಅಧಿಕಾರದಿಂದ ಕೆಲವರಿಗೆ ಆರತಿ, ಕೆಲವರಿಗೆ ಅವಮಾನ. ಅಗಸಿಯೊಳಗೆ ಎಂದೂ ಸಮನಾದ ಜಾಗವನ್ನೇ ಪಡೆಯದಿದ್ದ ಕೇರಿಗಳವರಿಗಂತೂ ಅಗಸಿಯ ಸ್ವಾಗತದ ಮಾತೇ ಇರಲಿಲ್ಲ.

ಯಾವ ವಿಧಿಯೂ ಇಲ್ಲದೆ ಈ ಸೀಮೆಯ ಜನ ಮರಳಿದ ಒಂದು ಪ್ರಸಂಗ ಚರಿತ್ರೆಯಲ್ಲಿದೆ. 1947ರ ಆಗಸ್ಟ್ 15ರಂದು ಗಡಿಯಾಚೆ ಸ್ವಾತಂತ್ರ್ಯ ಬಂದರೂ ಈಚೆ ಬರಲಿಲ್ಲ. ರಜಾಕಾರರ ಹಾವಳಿ ಹೆಚ್ಚಿದಂತೆ ಗಡಿಗ್ರಾಮಗಳ ಎಷ್ಟೋ ಕುಟುಂಬಗಳು ಮನೆಗೆ ಬೀಗ ಹಾಕಿ ಧಾರವಾಡ ಜಿಲ್ಲೆಯ ಊರುಗಳಿಗೆ ಹೊರಟುಹೋದವು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರ ಮುಂದಾಳುತನದ ಶಿಬಿರಗಳು ವಿಮೋಚನೆಯ ಹೋರಾಟಕ್ಕೆ ನೆಲೆಯಾದವು. 1948ರ ಸೆಪ್ಟೆಂಬರ್ 17ರಂದು ನಿಜಾಮರು ಶರಣಾಗತರಾದ ಮೇಲೆ ಜನ ಊರ ಕಡೆಗೆ ತಿರುಗಿದರು. ಮುಂಗಾರು ಕೈತಪ್ಪಿದ್ದರೂ ಆ ಹೊತ್ತು ಎರೆಹೊಲಗಳಲ್ಲಿ ಹಿಂಗಾರಿ ಜೋಳವನ್ನು ಬಿತ್ತುವ ಕಾಲ. ಅಗಸಿಯಲ್ಲಿ ಯಾರು ಯಾರಿಗೆ ನೀರು ಹಾಕಬೇಕು, ಬಂದವರೆಲ್ಲರೂ ದಣಿದವರೇ ಆಗಿರುವಾಗ? ಕೂರಿಗೆಯನ್ನು ಹೂಡುವುದೇ ಅವರ ಪಾಲಿಗೆ ಮರಳಿ ನೆಲೆಗೊಳ್ಳುವ ಕರ್ಮವಾಯಿತು.

ಅಲ್ಲಿಂದ ಮುಂದೆ ಗಡಿಗಳು ಒಂದೊಂದಾಗಿ ಅಳಿಸಿಹೋದವು. ಹಾಲಿ ರೂಪಾಯಿಯ ಹೊಸ ಚಲಾವಣೆ 1951ರಲ್ಲಿ ನಿಂತು, ಹಳೆಯ ನಾಣ್ಯಗಳು 1959ರ ತನಕ ಕೈಯಿಂದ ಕೈಗೆ ಹರಿದವು. 1956ರ ನವೆಂಬರ್ 1ರಂದು ಕುಷ್ಟಗಿ, ಹಂಪೆ, ಗಜೇಂದ್ರಗಡ ಮೂರೂ ಒಂದೇ ರಾಜ್ಯದಲ್ಲಿ ಕೂಡಿದವು. 1997ರಲ್ಲಿ ಕೊಪ್ಪಳವೇ ಜಿಲ್ಲೆಯಾಯಿತು. 2025ರ ಮೇ ತಿಂಗಳಲ್ಲಿ ಕುಷ್ಟಗಿಗೂ ರೈಲು ಬಂದಿತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಬೆಂಗಳೂರು, ಮಂಗಳೂರು, ಗೋವೆಗಳಿಗೆ ಗುಳೆ ಹೋಗುವವರ ಬರುಹೋಗು ಇಂದಿಗೂ ನಿಂತಿಲ್ಲ. ಅವರು ಬಿತ್ತನೆಗೋ ಹಬ್ಬಕ್ಕೋ ಮರಳಿದಾಗ ಆರತಿ ಹಿಡಿದು ನಿಲ್ಲುವವರಿಲ್ಲ. ಇನ್ನೊಂದು ಕಡೆ, ಈ ತಾಲೂಕುಗಳಿಂದಲೇ ಓದಿ ಮೇಲೆ ಬಂದು, ರಜೆಗೆಂದು ದುಬೈ ಸಿಂಗಪುರಗಳನ್ನು ಸುತ್ತಿಬರುವ ತರುಣರೂ ಇದ್ದಾರೆ. ರಾತ್ರಿ ವಿಮಾನದಿಂದ ಇಳಿದು ಬೆಳಿಗ್ಗೆ ಕಚೇರಿಯಲ್ಲಿ ಕುಳಿತುಕೊಳ್ಳುವ ಅವರು, ದೇಹ ಬಂದರೂ ಚಿತ್ತ ಬಂದಿಲ್ಲವೆಂದೂ, ಕೆಲಸದಲ್ಲಿ ಮನಸ್ಸು ನಿಲ್ಲದೆಂದೂ ಹೇಳಿಕೊಳ್ಳುವುದನ್ನು ಕೇಳಿದ್ದೇವೆ.

ಆ ಅಸ್ವಸ್ಥತೆಗೆ ನಿದ್ದೆಯ ವ್ಯತ್ಯಾಸವನ್ನೋ ಸೋಮಾರಿತನವನ್ನೋ ಕಾರಣ ಹೇಳುವುದು ಸುಲಭ. ಹಳೆಯ ವಾಡಿಕೆಗಳನ್ನು ನೋಡಿದವನಿಗೆ ಬೇರೊಂದು ಕಾರಣ ಹೊಳೆಯುವುದು. ಹೊರಡುವುದನ್ನು ಒಬ್ಬನು ತನ್ನ ಇಚ್ಛೆಯಿಂದ ಮಾಡಬಲ್ಲನು. ಮರಳಿ ನೆಲೆಗೊಳ್ಳುವುದಕ್ಕೆ ಮಾತ್ರ ಎದುರುಗೊಳ್ಳುವವರೂ ಪಾಲು ಕೇಳುವವರೂ ಬೇಕು. ಹಿಂದಿನವರು ತಂದ ಸಕ್ಕರೆಯ ಹರಳನ್ನು ಮನೆಮನೆಗೆ ಮುಟ್ಟಿಸುತ್ತ ಪ್ರತಿಯೊಂದು ಬಾಗಿಲಲ್ಲಿಯೂ ತಾವು ಕಂಡದ್ದನ್ನು ಹೇಳಿ, ತಾವಿಲ್ಲದಾಗ ಸತ್ತವರು ಯಾರು, ಹುಟ್ಟಿದವರು ಯಾರು, ಯಾರ ಎತ್ತು ಯಾರಿಗೆ ಮಾರಿತು ಎಂಬುದನ್ನು ಕೇಳಿ ತಿಳಿಯುತ್ತಿದ್ದರು. ಹಂಚಿ ಮುಗಿಯುವ ಹೊತ್ತಿಗೆ ಅವರು ತಮಗೆ ಅರಿವಿಲ್ಲದೆಯೇ ಊರಿನವರಾಗಿಬಿಟ್ಟಿರುತ್ತಿದ್ದರು. ಪ್ರಾಯಶ್ಚಿತ್ತದ ಕ್ರೌರ್ಯವನ್ನೂ ಸಾಲದ ಸಮಾರಾಧನೆಯನ್ನೂ ಬಿಟ್ಟು ಈ ಒಂದನ್ನು ಉಳಿಸಿಕೊಳ್ಳಲು ನಮಗೆ ಅಡ್ಡಿಯೇನೂ ಇಲ್ಲ. ಸಿಂಗಪುರದಿಂದ ಬಂದವನು ಪೆಟ್ಟಿಗೆಯಲ್ಲಿದ್ದ ಮಿಠಾಯಿಯನ್ನು ಕಚೇರಿಯ ಮೇಜಿನ ಮೇಲೆ ಇಟ್ಟು ಸುಮ್ಮನಾಗುವ ಬದಲು, ಹತ್ತು ಮನೆಗಳ ಬಾಗಿಲಿಗೆ ತಾನೇ ಹೋಗಿ ಕೊಟ್ಟು, ಅಲ್ಲಿ ಚಹಾ ಕುಡಿದು ಬಂದರೆ, ಗುಳೆಯಿಂದ ಮರಳಿದ ನೆರೆಯವನ ಮನೆಯೂ ಆ ಹತ್ತರಲ್ಲಿ ಒಂದಾದರೆ, ಅವನ ಪ್ರವಾಸವೂ ಮುಗಿಯುವುದು, ಆ ನೆರೆಯವನನ್ನು ಊರು ಇದುವರೆಗೆ ಎದುರುಗೊಳ್ಳದೆ ಉಳಿಸಿಕೊಂಡ ಋಣವೂ ಕೊಂಚ ತೀರುವುದು.