ಗಡಿಯಾರ ಕಾರ್ಖಾನೆಯ ನಿವೃತ್ತರ ಕೂಟ ನಡೆದು ಬಂದ ದಾರಿ

ನಮ್ಮೂರ ಸಹಕಾರ ಸಂಘಕ್ಕೆ 25 ವರ್ಷ ತುಂಬಿ, ಬೆಳ್ಳಿಹಬ್ಬದ ಸ್ಮರಣ ಸಂಚಿಕೆ ಹೊರಬರುತ್ತಿರುವುದು ನಮಗೆಲ್ಲ ಹೆಮ್ಮೆಯ ಸಂಗತಿ. ಸಂಘದ ಕಟ್ಟಡದಲ್ಲೇ ತಿಂಗಳಿಗೊಮ್ಮೆ ಸೇರುವ ನಮ್ಮ ನಿವೃತ್ತರ ಕೂಟದ ಬಗ್ಗೆಯೂ ನಾಲ್ಕು ಮಾತು ಬರೆದುಕೊಡಿ ಎಂದು ಆಡಳಿತ ಮಂಡಳಿಯವರು ಕೇಳಿದರು. ನಾವು ಬರಹಗಾರರಲ್ಲ. ಕಣ್ಣಿಗೆ ಭೂತಗನ್ನಡಿ ಇಟ್ಟುಕೊಂಡು ಸಣ್ಣ ಸಣ್ಣ ಚಕ್ರ ಜೋಡಿಸಿದವರು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಈಗಿನ ಹುಡುಗರಿಗೆ ಮೊದಲು ಕಾರ್ಖಾನೆಯ ವಿಚಾರ ಹೇಳಬೇಕು. ಹಿಂದೂಸ್ತಾನ್ ಮಷೀನ್ ಟೂಲ್ಸ್, ಅಂದರೆ ಎಚ್‌ಎಂಟಿ, 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಕೈಗಡಿಯಾರ ತಯಾರಿಕೆ ಶುರುವಾಯಿತು. ನಮ್ಮ ತುಮಕೂರಿಗೆ ಗಡಿಯಾರ ಕಾರ್ಖಾನೆ ಬಂದದ್ದು 1978ರಲ್ಲಿ. ಆಗ ಮದುವೆ ಗಂಡಿಗೆ ಎಚ್‌ಎಂಟಿ ವಾಚು ಕೊಡುವುದೆಂದರೆ ದೊಡ್ಡ ಮರ್ಯಾದೆ. ಹೊಲ ಗೆಯ್ಯುವ ಮನೆಯಿಂದ ಬಂದ ನಮ್ಮಂಥವರು ಐಟಿಐ ಓದಿ ಅಲ್ಲಿ ಸೇರಿದಾಗ, ಊರಿನಲ್ಲಿ ನಮ್ಮನ್ನು ಕರೆಯುತ್ತಿದ್ದುದೇ 'ವಾಚ್ ಫ್ಯಾಕ್ಟರಿಯೋರು' ಅಂತ.

ಮುಂದೆ ಕಾಲ ಬದಲಾಯಿತು. ಕೀಲಿ ಕೊಡುವ ವಾಚಿನ ಜಾಗಕ್ಕೆ ಸೆಲ್ ಹಾಕುವ ಕ್ವಾರ್ಟ್ಜ್ ವಾಚು ಬಂತು. 1984ರಲ್ಲಿ ಟೈಟಾನ್ ಕಂಪನಿ ಹುಟ್ಟಿತು. ಆಮೇಲೆ ಮೊಬೈಲ್ ಬಂದು, ಗಂಟೆ ನೋಡಲು ಕೈ ನೋಡಿಕೊಳ್ಳುವ ಅಭ್ಯಾಸವೇ ಹೋಯಿತು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನ ಮಾಡಿತು. ಉಳಿದಿದ್ದ ನೌಕರರಿಗೆ 2007ರ ವೇತನ ಶ್ರೇಣಿಯ ಲೆಕ್ಕದಲ್ಲಿ ಸ್ವಯಂ ನಿವೃತ್ತಿ ಕೊಟ್ಟರು. ತುಮಕೂರಿನ ಆ ಜಾಗ ಬಳಿಕ ಇಸ್ರೋ ಸಂಸ್ಥೆಗೆ ಸೇರಿತು. ಇಷ್ಟು ಕಾರ್ಖಾನೆಯ ಕಥೆ.

ನಮ್ಮ ಕೂಟ ಹುಟ್ಟಿದ್ದು ಒಂದು ಸಾವಿನಿಂದ. ನಿವೃತ್ತರಾದ ಮೇಲೆ ಒಬ್ಬೊಬ್ಬರು ಒಂದೊಂದು ಕಡೆ ಆದೆವು. ಯಾರೋ ತೋಟ ನೋಡಿಕೊಂಡರು, ಯಾರೋ ಮಗಳ ಮನೆ ಸೇರಿದರು. ಇಪ್ಪತ್ತು ವರ್ಷ ಒಂದೇ ಬೆಂಚಿನಲ್ಲಿ ಕೂತು, ಒಂದೇ ಡಬ್ಬಿಯಲ್ಲಿ ಊಟ ಹಂಚಿಕೊಂಡ ಸ್ನೇಹಿತನೊಬ್ಬ ಪಕ್ಕದ ಊರಿನಲ್ಲೇ ತೀರಿಕೊಂಡ. ನಮಗೆ ಗೊತ್ತಾದದ್ದು ತಿಥಿಯ ದಿನ. ಅವನ ಹೆಂಡತಿ ಬಾಗಿಲಲ್ಲಿ ನಿಂತು, "ಏನಣ್ಣಾ, ಹತ್ತು ದಿನ ಮುಂಚೆ ಬಂದಿದ್ರೆ ಹೆಗಲು ಕೊಡಬಹುದಿತ್ತಲ್ಲ" ಅಂದರು. ನಮ್ಮಲ್ಲಿ ಯಾರಿಗೂ ಉತ್ತರ ಇರಲಿಲ್ಲ. ವಾಪಸು ಬರುವಾಗ ಬಸ್ ಸ್ಟಾಪಿನಲ್ಲೇ ತೀರ್ಮಾನವಾಯಿತು: ತಿಂಗಳಿಗೊಮ್ಮೆ ಸೇರುವುದು, ಬಾರದವರ ಮನೆಗೆ ಹೋಗುವುದು.

ಜಾಗ ಕೊಟ್ಟಿದ್ದು ಈ ಸಹಕಾರ ಸಂಘ. ಗೊಬ್ಬರದ ದಾಸ್ತಾನಿನ ಪಕ್ಕದ ಕೋಣೆಯಲ್ಲಿ ಎರಡನೇ ಭಾನುವಾರ ಬೆಳಿಗ್ಗೆ ಸೇರುತ್ತೇವೆ. ಬಾಡಿಗೆ ಇಲ್ಲ, ಕಸ ಗುಡಿಸಿ, ಬೀಗ ಹಾಕಿ, ಕೀ ವಾಪಸು ಕೊಡಬೇಕು, ಅಷ್ಟೆ. ಸೊಸೈಟಿ ನೋಂದಣಿ ಕಾಯ್ದೆ 1960ರ ಪ್ರಕಾರ ಏಳು ಜನ ಇದ್ದರೆ ಸಂಘ ನೋಂದಾಯಿಸಬಹುದು. ಆದರೆ ಕಾಫಿ ಕುಡಿಯಲು ನೋಂದಣಿ ಯಾಕೆ ಎಂದು ಸುಮ್ಮನಾದೆವು. ಒಂದು ಹಾಜರಿ ಪುಸ್ತಕ, ಒಂದು ಖರ್ಚಿನ ಪುಸ್ತಕ ಇಟ್ಟೆವು.

ಮೊದಲ ತೊಡಕು ಕುರ್ಚಿಯದು. ಸೂಪರ್‌ವೈಸರ್ ಆಗಿದ್ದವರು ಬಂದರೆ ಉಳಿದವರು ಎದ್ದು ನಿಲ್ಲುತ್ತಿದ್ದರು. ಹಾಗಾದರೆ ಮಾತು ಹೇಗೆ ಬರಬೇಕು? ಕೊನೆಗೆ ಅವರೇ, "ಸಾರ್ ಅನ್ನೋದು ಗೇಟಿನ ಒಳಗೆ ಮುಗೀತು ಕಣ್ರಪ್ಪಾ" ಎಂದು ಚಾಪೆಯ ಮೇಲೆ ಕೂತರು. ಅಂದಿನಿಂದ ಎಲ್ಲರಿಗೂ ಚಾಪೆ. ಮಂಡಿನೋವಿನವರಿಗೆ ಮಾತ್ರ ಕುರ್ಚಿ.

ಎರಡನೆಯದು ನಾವೇ ಮಾಡಿಕೊಂಡ ತಪ್ಪು. ಮುಚ್ಚಿಟ್ಟರೆ ಇತಿಹಾಸವಾಗುವುದಿಲ್ಲ, ಆದ್ದರಿಂದ ಬರೆಯುತ್ತಿದ್ದೇವೆ. ವಂತಿಗೆ ಸ್ವಲ್ಪ ಉಳಿಯಿತು. ಕಷ್ಟದಲ್ಲಿದ್ದವರಿಗೆ ಕೈಸಾಲ ಕೊಡಲು ಶುರು ಮಾಡಿದೆವು. ತೀರಿಸಲಾಗದವರು ನಾಚಿಕೆಯಿಂದ ಸಭೆಗೆ ಬರುವುದನ್ನೇ ಬಿಟ್ಟರು. ಕೊಟ್ಟವರು ಗೊಣಗಿದರು. ಹಾಜರಿ ಅರ್ಧಕ್ಕೆ ಇಳಿಯಿತು. ಆಗ ಸಹಕಾರ ಸಂಘದ ಕಾರ್ಯದರ್ಶಿಗಳು, "ಯಜಮಾನ್ರೇ, ಸಾಲ ಕೊಡೋಕೆ ಷೇರು, ಜಾಮೀನು, ಆಡಿಟ್ಟು ಎಲ್ಲಾ ಬೇಕು. ಅದನ್ನ ನಮಗೆ ಬಿಡಿ. ನೀವು ಜನ ಸೇರಿಸಿ" ಎಂದು ಬುದ್ಧಿ ಹೇಳಿದರು. ಬಾಕಿಯನ್ನೆಲ್ಲ ಹೊಡೆದುಹಾಕಿ, ಸಾಲಗಾರರ ಮನೆಗೇ ಹೋಗಿ ಕರೆದುಕೊಂಡು ಬಂದೆವು. ಒಬ್ಬರು ಮಾತ್ರ ಬರಲಿಲ್ಲ. ಆ ಕೊರಗು ಇನ್ನೂ ಇದೆ.

ಕೂಟದಿಂದ ಆದ ಉಪಯೋಗವನ್ನೂ ಹೇಳಬೇಕು. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಕನಿಷ್ಠ 1,000 ರೂಪಾಯಿ ಎಂದು ನಿಗದಿಯಾದದ್ದು 2014ರಲ್ಲಿ. ಹಣ ಸಣ್ಣದು, ಆದರೆ ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಕೊಡದಿದ್ದರೆ ಅದೂ ನಿಲ್ಲುತ್ತದೆ. ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿದರೆ ನಮ್ಮ ಹಲವರ ಗುರುತೇ ಹತ್ತುತ್ತಿರಲಿಲ್ಲ. ವಯಸ್ಸಿಗೆ ಬೆರಳು ಸವೆದಿತ್ತು. 2022ರಲ್ಲಿ ಭವಿಷ್ಯನಿಧಿ ಪಿಂಚಣಿದಾರರಿಗೆ ಮೊಬೈಲಿನಲ್ಲಿ ಮುಖ ತೋರಿಸುವ ವ್ಯವಸ್ಥೆ ಬಂದ ಮೇಲೆ, ಒಬ್ಬ ಸದಸ್ಯರ ಮೊಮ್ಮಗಳು ಒಂದೇ ಬೆಳಿಗ್ಗೆ ಎಲ್ಲರ ಕೆಲಸ ಮುಗಿಸಿಕೊಟ್ಟಳು. ಗಂಡ ತೀರಿಕೊಂಡ ಮೇಲೆ ಪಿಂಚಣಿ ಹೆಂಡತಿಗೆ ಬರುತ್ತದೆಂಬುದು ಎಷ್ಟೋ ಮನೆಯಲ್ಲಿ ತಿಳಿದಿರಲಿಲ್ಲ. ಮರಣ ಪತ್ರ ಮಾಡಿಸಿ ಅರ್ಜಿ ಹಾಕಿಸಿದ್ದೇವೆ. ಆ ಅಕ್ಕಂದಿರನ್ನು ಪೂರ್ಣ ಸದಸ್ಯರೆಂದೇ ಬರೆದುಕೊಂಡಿದ್ದೇವೆ. ಬಾಗಿಲಲ್ಲಿ ನಿಂತು ಅಂದು ನಮ್ಮನ್ನು ಕೇಳಿದ ಅಕ್ಕನೇ ಈಗ ಹಾಜರಿ ಪುಸ್ತಕ ಬರೆಯುವವರು.

ಈಗ ನಮ್ಮ ಮುಂದಿರುವುದು ದೊಡ್ಡ ಪ್ರಶ್ನೆ. ಬೇರೆ ಇಲಾಖೆಗಳಲ್ಲಿ ವರ್ಷ ವರ್ಷ ಹೊಸಬರು ನಿವೃತ್ತರಾಗುತ್ತಾರೆ, ಅವರ ಕೂಟ ಬೆಳೆಯುತ್ತದೆ. ನಮಗೆ ಹೊಸಬರು ಎಲ್ಲಿಂದ ಬರಬೇಕು? ಕಾರ್ಖಾನೆಯೇ ಇಲ್ಲ. ಪುಸ್ತಕದಲ್ಲಿ ಹೆಸರು ಕಡಿಮೆಯಾಗುತ್ತಲೇ ಹೋಗುತ್ತದೆ. ಊರಿನ ನಿವೃತ್ತ ಮೇಷ್ಟ್ರುಗಳು, ಕೆಎಸ್‌ಆರ್‌ಟಿಸಿಯವರು, ಲೈನ್‌ಮನ್‌ಗಳನ್ನು ಸೇರಿಸಿಕೊಳ್ಳೋಣವೆಂದು ಕೆಲವರು ಹೇಳಿದರು. "ನಮ್ಮ ಬೆಂಚಿನ ಕಥೆ ಅವರಿಗೇನು ಗೊತ್ತು?" ಎಂದು ಒಬ್ಬರು ತಕರಾರು ತೆಗೆದರು. ಅದಕ್ಕೆ ಅಕ್ಕ, "ಗೊತ್ತಿಲ್ದೋರಿಗೆ ತಾನೆ ಅಣ್ಣಾ ಕಥೆ ಹೇಳ್ಬೇಕು? ಗೊತ್ತಿರೋರು ನೂರು ಸಲ ಕೇಳಿದೀವಿ" ಅಂದರು. ಎಲ್ಲರೂ ನಕ್ಕೆವು. ತಕರಾರು ಅಲ್ಲಿಗೆ ಮುಗಿಯಿತು.

ಆದ್ದರಿಂದ ಈ ಸಂಚಿಕೆಯ ಮೂಲಕ ತಿಳಿಸುವುದೇನೆಂದರೆ, ಊರಿನ ಯಾವ ಕೆಲಸದಿಂದ ನಿವೃತ್ತರಾದವರಿಗೂ ನಮ್ಮ ಚಾಪೆಯಲ್ಲಿ ಜಾಗವಿದೆ. ನಿಯಮ ಒಂದೇ: ಎರಡು ತಿಂಗಳು ಬಾರದವರ ಮನೆಗೆ ಇಬ್ಬರು ಹೋಗಿ ಬರಬೇಕು. ವಾಚ್ ಫ್ಯಾಕ್ಟರಿಯೋರಲ್ಲಿ ಕೊನೆಗೆ ಉಳಿಯುವವರು ಹಳೆಯ ಹಾಜರಿ ಪುಸ್ತಕವನ್ನು ಸಹಕಾರ ಸಂಘದ ಬೀರುವಿಗೆ ಒಪ್ಪಿಸಬೇಕೆಂದು ತೀರ್ಮಾನಿಸಿದ್ದೇವೆ.

ಜಾಗ ಕೊಟ್ಟು, ಬುದ್ಧಿ ಹೇಳಿ ಕಾಪಾಡಿದ ಸಂಘಕ್ಕೆ ನಮ್ಮ ನಮಸ್ಕಾರ. ಸಂಘ ಸುವರ್ಣ ಮಹೋತ್ಸವ ಕಾಣಲಿ. ಅಂದು ನಾವು ಇರುತ್ತೇವೋ ಇಲ್ಲವೋ, ಎರಡನೇ ಭಾನುವಾರ ಆ ಕೋಣೆಯ ಬೀಗ ಯಾರಾದರೂ ತೆಗೆಯುತ್ತಿರಲಿ.